ಮಗನ ಮಾತು ಒಂದು, ಕೈ ಇನ್ನೊಂದು: ಯಾವುದನ್ನು ನಂಬಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನನ್ನ ಮಗನಿಗೆ 20 ವರ್ಷ. ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದಾನೆ. ನಾಲ್ಕು ಹುಡುಗರು ಸೇರಿ ರೂಮ್ ಮಾಡಿಕೊಂಡಿದ್ದಾರೆ. ನಮ್ಮ ಹೊಲದ ಬದುವಿಗೆ ಹತ್ತಿದ ಹೊಲ ಒಬ್ಬ ಚಾಚಾ ಅವರದು. ಮೂರು ವರ್ಷದ ಹಿಂದೆ ರಾತ್ರಿ ಯಜಮಾನರಿಗೆ ಎದೆನೋವು ಬಂದಾಗ ತಮ್ಮ ಜೀಪಿನಲ್ಲಿ ಬೀದರಿಗೆ ಒಯ್ದು ಉಳಿಸಿದವರು ಅವರೇ. ಮಗ ಚಿಕ್ಕವನಿದ್ದಾಗ ಅವರ ಹೆಗಲ ಮೇಲೆ ಕೂತು ಮೊಹರಂ ಕುಣಿತ ನೋಡುತ್ತಿದ್ದ. ಈಗ ರಜೆಗೆ ಬಂದರೆ ಊಟಕ್ಕೆ ಕೂತಾಗ ‘ಆ ಜನರನ್ನು ನಂಬಬಾರದು’ ಅಂತಾನೆ. ಹೋದ ಎಳ್ಳ ಅಮಾವಾಸ್ಯೆಗೆ ಚಾಚಾರನ್ನು ಹೊಲಕ್ಕೆ ಊಟಕ್ಕೆ ಕರೆಯಬೇಡಿ ಅಂತ ಜಗಳ ತೆಗೆದ. ಮರುದಿನ ಅವರ ಬೋರಿನ ಮೋಟರ್ ಒಳಗೆ ಸಿಕ್ಕಿಬಿತ್ತು. ಇವನೇ ಓಡಿಹೋಗಿ ಮಧ್ಯಾಹ್ನದ ತನಕ ಪೈಪ್ ಎತ್ತಿದ, ಅವರ ಮನೆಯಲ್ಲೇ ರೊಟ್ಟಿ ತಿಂದು ಬಂದ. ರಾತ್ರಿ ಮತ್ತೆ ಅದೇ ಮಾತು! ನಮ್ಮ ಮಾವನವರು ನಿಜಾಮನ ಪರ ನಿಂತ ರಜಾಕಾರರ ದಂಡಿನ ಕಾಲದ ಕಥೆ ಹೇಳುತ್ತಿದ್ದರು, ಅದು ಬಿಟ್ಟರೆ ಮನೆಯಲ್ಲಿ ಯಾರನ್ನೂ ಕೀಳಾಗಿ ಕಂಡಿಲ್ಲ. ಚಾಚಾ ಬಂದರೆ ಕಟ್ಟೆ ಮೇಲೆ ಕೂರಿಸಿ, ಅವರಿಗಂತ ಇಟ್ಟ ಕಪ್ಪಿನಲ್ಲಿ ಚಹಾ ಕೊಡದೆ ಕಳಿಸಿದ್ದೇ ಇಲ್ಲ. ಯಜಮಾನರು ‘ಬಿಸಿ ರಕ್ತ, ಇಳೀತದ ಬಿಡು’ ಅಂತಾರೆ. ಭಾವನವರು ‘ಹುಡುಗ ಹೇಳೋದ್ರಾಗ ತಪ್ಪೇನದ?’ ಅಂತಾರೆ. ನಾನು ವಾದ ಮಾಡಿದರೆ ಮಗ ಫೋನ್ ತೆಗೆದು ತೋರಿಸುತ್ತಾನೆ. ನಮ್ಮ ಬೆಳೆಸುವುದರಲ್ಲಿ ತಪ್ಪಾಯಿತಾ? ಯಾರಾದರೂ ತಲೆ ಕೆಡಿಸಿದ್ದಾರಾ? ಅವನಲ್ಲಿ ಯಾವುದು ನಿಜ, ಮಾತೋ ಕೆಲಸವೋ? ಫೋನ್ ಕಿತ್ತುಕೊಳ್ಳಲಾ, ಓದು ಬಿಡಿಸಿ ಊರಿಗೆ ಕರೆಸಲಾ?

ಉತ್ತರ: ಅಕ್ಕ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೇಳಿರುವ ಪ್ರಶ್ನೆಗಳು ನಾಲ್ಕು. ಕೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ: ಇವತ್ತು ಬಾಯಲ್ಲಿ ಇರುವುದು ನಾಳೆ ಕೈಗೆ ಬಂದರೆ ಏನು ಗತಿ? ಕಲಬುರಗಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಇಂಥ ಭಯ ಹೊತ್ತು ಬರುವ ತಾಯಂದಿರು ಈಚೆಗೆ ಜಾಸ್ತಿ ಆಗಿದ್ದಾರೆ. ಬರುವವರು ಒಂದೇ ಸಮುದಾಯದವರೂ ಅಲ್ಲ. ಯಾದಗಿರಿ ಕಡೆಯ ಒಬ್ಬ ಅಬ್ಬಾ ಇದೇ ಕುರ್ಚಿಯಲ್ಲಿ ಕೂತು ‘ಮಗ ತನ್ನ ಹಳೇ ದೋಸ್ತನ ಮದುವೆಗೂ ಹೋಗಲಿಲ್ಲ ಮೇಡಂ, ಅವರು ನಮ್ಮವರಲ್ಲ ಅಂತಾನೆ’ ಅಂತ ಕಣ್ಣೀರು ಹಾಕಿದ್ದರು. ಆ ಹುಡುಗನನ್ನೂ ನಿಮ್ಮ ಮಗನನ್ನೂ ಪಕ್ಕಪಕ್ಕ ಕೂರಿಸಿದರೆ ಇಬ್ಬರ ಮಾತೂ ಒಂದೇ ಅಚ್ಚಿನದು, ಹೆಸರು ಮಾತ್ರ ಬೇರೆ.

ಮೊದಲಿಗೆ ಒಂದು ಗೆರೆ ಎಳೆದುಕೊಳ್ಳೋಣ. ನಿಮಗೆ ಇಷ್ಟವಿಲ್ಲದ ಪಕ್ಷಕ್ಕೆ ಮಗ ಓಟು ಹಾಕಿದರೆ, ನಿಮಗೆ ಸರಿಯಿಲ್ಲ ಅನ್ನಿಸುವ ನಾಯಕನ ಫೋಟೊ ಸ್ಟೇಟಸ್ಸಿಗೆ ಇಟ್ಟರೆ ಅದು ರೋಗ ಅಲ್ಲ. ಇಪ್ಪತ್ತಕ್ಕೆ ಅವನಿಗೆ ತನ್ನದೇ ರಾಜಕೀಯ ಇರಬೇಕು. ಚಿಂತೆ ಮಾಡಬೇಕಾದದ್ದು ‘ಆ ಪಕ್ಷ ಸರಿ’ ಅನ್ನುವ ಮಾತಿಗಲ್ಲ, ‘ಆ ಜನ ಸರಿಯಿಲ್ಲ’ ಅನ್ನುವ ಮಾತಿಗೆ. ಮೊದಲನೆಯದು ಅಭಿಪ್ರಾಯ. ಎರಡನೆಯದು ಮನುಷ್ಯರ ಬಗ್ಗೆ ತಿರಸ್ಕಾರ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಬೈದರೆ, ಅಮ್ಮನಿಗೆ ನನ್ನ ರಾಜಕೀಯ ಹಿಡಿಸಲ್ಲ, ಅದಕ್ಕೇ ಬೈತಾಳೆ ಅಂದುಕೊಳ್ಳುತ್ತಾನೆ. ಆಮೇಲೆ ನಿಮ್ಮ ಮಾತು ಅವನ ಕಿವಿಗೆ ಹೋಗಲ್ಲ.

ಇನ್ನು ‘ಯಾರಾದರೂ ತಲೆ ಕೆಡಿಸಿದ್ದಾರಾ’ ಅನ್ನುವ ಪ್ರಶ್ನೆ. ಯಾರೋ ಒಬ್ಬ ಎದುರು ಕೂತು ವಿಷ ತುಂಬಿದ ಅಂತ ನಾವು ಕಲ್ಪಿಸಿಕೊಳ್ಳುತ್ತೇವೆ. ಹಾಗಾಗುವುದು ಬಹಳ ಕಡಿಮೆ. ನಾನು ಕಂಡದ್ದು ಹೇಳುತ್ತೇನೆ. ಭಾಲ್ಕಿ ಕಡೆಯ ಹಳ್ಳಿಯಿಂದ ಹುಡುಗ ಕಲಬುರಗಿಗೆ ಬಂದು ಇಳಿಯುತ್ತಾನೆ. ಊರಲ್ಲಿ ಅವನು ಯಾರ ಮಗ, ಯಾವ ಮನೆಯವನು ಅಂತ ನಾಯಿಗೂ ಗೊತ್ತಿತ್ತು. ಇಲ್ಲಿ ಕಾಲೇಜಿನಲ್ಲಿ ಅವನ ಹೆಸರು ಕರೆಯುವವರೇ ಇಲ್ಲ. ಸಂಜೆ ರೂಮಿನ ಹುಡುಗರ ಜೊತೆ ಚಹಾ ಬಂಡಿಗೆ ಹೋಗುತ್ತಾನೆ. ಅಲ್ಲಿ ನಾಲ್ಕು ಜನ ಸೀನಿಯರ್‌ಗಳು ‘ಬಾರಲೇ ತಮ್ಮಾ’ ಅಂತ ಹೆಗಲ ಮೇಲೆ ಕೈ ಹಾಕುತ್ತಾರೆ. ಜ್ವರ ಬಂದರೆ ಗಾಡಿಯಲ್ಲಿ ದವಾಖಾನೆಗೆ ಕರೆದೊಯ್ಯುತ್ತಾರೆ. ಹಬ್ಬಕ್ಕೆ ಬ್ಯಾನರ್ ಕಟ್ಟುವ ಕೆಲಸ ಕೊಡುತ್ತಾರೆ. ನಾಲ್ಕು ತಿಂಗಳಲ್ಲಿ ಅವನು ಮತ್ತೆ ಹೆಸರಿರುವ ಮನುಷ್ಯನಾಗುತ್ತಾನೆ. ಈ ಸುಖ ಸಣ್ಣದಲ್ಲ ಅಕ್ಕ. ಆ ಗುಂಪಿನಲ್ಲಿ ಒಂದು ಬಗೆಯ ಮಾತು ಓಡಾಡುತ್ತಿರುತ್ತದೆ. ಅವನೂ ಆಡುತ್ತಾನೆ. ಗಣಪತಿ ಕೂರಿಸುವಾಗ ಓಣಿಯವರೆಲ್ಲ ಪಟ್ಟಿ ಕೊಡುತ್ತಾರಲ್ಲ, ಹಾಗೆ ಆ ಮಾತು ಅವನು ಕೊಡುವ ಪಟ್ಟಿ. ಯೋಚನೆ ಮಾಡಿ ತೀರ್ಮಾನಕ್ಕೆ ಬಂದು ಆಮೇಲೆ ಗುಂಪು ಹುಡುಕಿದ್ದಲ್ಲ. ಮೊದಲು ಗೆಳೆತನ ಸಿಕ್ಕಿತು, ಅಭಿಪ್ರಾಯ ಅದರ ಹಿಂದೆ ಬಂತು.

ಇದಕ್ಕೆ ಫೋನ್ ಸೇರಿಕೊಳ್ಳುತ್ತದೆ. ಒಂದೇ ಮಾತನ್ನು ಪದೇ ಪದೇ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಎರಡೆರಡು ವಾರ ಬಿಟ್ಟು ಮೂರು ಸಲ ಕೆಲವು ಹೇಳಿಕೆಗಳನ್ನು ಕೊಟ್ಟು ನೋಡಿದ್ದರು. ಕೆಲವು ನಿಜ, ಕೆಲವು ಸುಳ್ಳು. ಮತ್ತೆ ಮತ್ತೆ ಬಂದ ಹೇಳಿಕೆಗಳು, ಸುಳ್ಳಾಗಿದ್ದರೂ, ಪ್ರತಿ ಸಲ ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸಿದವು. ಅದು ಎರಡು ವಾರಕ್ಕೊಮ್ಮೆ. ನಿಮ್ಮ ಮಗನ ಫೋನಿಗೆ ದಿನಕ್ಕೆ ಎಷ್ಟು ಸಲ ಬರುತ್ತದೋ ನೋಡಿ.

‘ಬಿಸಿ ರಕ್ತ, ಇಳೀತದ’ ಅನ್ನುವ ನಿಮ್ಮ ಯಜಮಾನರ ಮಾತು ಅರ್ಧ ಸರಿ. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಅಭಿಪ್ರಾಯ ಬದಲಾಗುವುದು ಸುಲಭ. ಆದರೆ ಆ ವಯಸ್ಸಿನಲ್ಲಿ ಗಟ್ಟಿಯಾದದ್ದು ತಾನಾಗಿ ಕರಗಿಬಿಡುತ್ತದೆ ಅಂತ ಕೂರುವ ಹಾಗಿಲ್ಲ. ಅಮೆರಿಕದಲ್ಲಿ ಬೆನ್ನಿಂಗ್ಟನ್ ಅಂತ ಒಂದು ಮಹಿಳಾ ಕಾಲೇಜಿತ್ತು. 1930ರ ದಶಕದಲ್ಲಿ ಥಿಯೊಡೋರ್ ನ್ಯೂಕಂ ಅನ್ನುವ ಪ್ರಾಧ್ಯಾಪಕರು ಅಲ್ಲಿನ ಹುಡುಗಿಯರನ್ನು ವರ್ಷವರ್ಷವೂ ವಿಚಾರಿಸುತ್ತಾ ಹೋದರು. ಶ್ರೀಮಂತರ, ಹಳೇ ಕಟ್ಟಿನ ಮನೆಗಳಿಂದ ಬಂದ ಹುಡುಗಿಯರು. ಕಾಲೇಜಿನ ವಾತಾವರಣ ಬೇರೆಯಾಗಿತ್ತು. ಕಾಲೇಜು ಮುಗಿಯುವ ಹೊತ್ತಿಗೆ ಎಷ್ಟೋ ಜನರ ರಾಜಕೀಯವೇ ಬದಲಾಗಿತ್ತು. ಮನೆಯ ನಂಟು ಗಟ್ಟಿಯಾಗಿ ಇಟ್ಟುಕೊಂಡವರು ಅಷ್ಟಾಗಿ ಬದಲಾಗಲಿಲ್ಲ. ಸುಮಾರು 25 ವರ್ಷ ಬಿಟ್ಟು ಮತ್ತೆ ಹುಡುಕಿಕೊಂಡು ಹೋದಾಗ ಹೆಚ್ಚಿನವರು ಕಾಲೇಜು ಬಿಡುವಾಗ ಹೇಗಿದ್ದರೋ ಹಾಗೇ ಇದ್ದರು. ತಮ್ಮ ವಿಚಾರಕ್ಕೆ ಹೊಂದುವ ಗಂಡ, ಹೊಂದುವ ಗೆಳತಿಯರು ಅವರಿಗೆ ಸಿಕ್ಕಿದ್ದೇ ಅದಕ್ಕೆ ದೊಡ್ಡ ಕಾರಣ. ವಯಸ್ಸು ರಕ್ತವನ್ನು ತಣ್ಣಗೆ ಮಾಡಬಹುದು, ಆದರೆ ಸಹವಾಸ ಮತ್ತೆ ಕಾಯಿಸುತ್ತಲೇ ಇರುತ್ತದೆ. ನಿಮ್ಮ ಮಗನ ಮುಂದಿನ ಐದು ವರ್ಷದಲ್ಲಿ ಅವನ ಸುತ್ತ ಯಾರು ಇರುತ್ತಾರೆ ಅನ್ನುವುದೇ ದೊಡ್ಡ ವಿಷಯ. ಮನೆಯ ನಂಟನ್ನು ನೀವು ಯಾವ ಕಾರಣಕ್ಕೂ ಕಡಿಯಬಾರದು ಅಂತ ನಾನು ಹೇಳುವುದೂ ಇದಕ್ಕೇ.

ನಿಮ್ಮ ಮಾವನವರ ಕಥೆಗಳ ಬಗ್ಗೆ. ಅದನ್ನು ‘ಹಳೇ ಕಥೆ, ಬಿಡು’ ಅಂತ ತಳ್ಳಬೇಡಿ. ನಮ್ಮ ಕಡೆ ರಜಾಕಾರರ ಹಾವಳಿ ಕಂಡವರು ಸುಳ್ಳು ಹೇಳಿಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನದ ಮೇಲೆ ಭಾರತ ಸರ್ಕಾರ 1948ರ ಸೆಪ್ಟೆಂಬರ್ 13ಕ್ಕೆ ಶುರುಮಾಡಿದ ಪೊಲೀಸ್ ಕಾರ್ಯಾಚರಣೆ 17ಕ್ಕೆ ಮುಗಿಯುವ ತನಕ ಈ ಭಾಗದ ಜನ ಜೀವ ಕೈಯಲ್ಲಿ ಹಿಡಿದು ಬದುಕಿದ್ದರು. ರಜಾಕಾರರು ಜನರನ್ನು ಕೊಂದ ಗೋರಟಾ ಎಲ್ಲಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಅದು ನಿಮ್ಮ ಜಿಲ್ಲೆಯದೇ ಹಳ್ಳಿ. ಅದರ ಬೆನ್ನಿಗೇ ಇನ್ನೊಂದು ನಡೆಯಿತು. ಕಾರ್ಯಾಚರಣೆ ಆದ ಮೇಲೆ ಈ ಕಡೆಯ ಮುಸ್ಲಿಮರ ಮೇಲೆ ದೊಡ್ಡ ಪ್ರಮಾಣದ ಹಿಂಸೆ ಆಯಿತು. ಅದನ್ನು ನೋಡಲು ಕೇಂದ್ರ ಸರ್ಕಾರ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲ್ಬರ್ಗವನ್ನೂ ಹೆಸರಿಸಿತ್ತು. ಒಂದು ಮನೆಯಲ್ಲಿ ಸೆಪ್ಟೆಂಬರ್ 17ರ ಹಿಂದಿನ ಕಥೆ ಹೇಳುತ್ತಾರೆ, ಪಕ್ಕದ ಮನೆಯಲ್ಲಿ ಮುಂದಿನ ಕಥೆ ಹೇಳುತ್ತಾರೆ. ಎರಡೂ ಮನೆಯ ಮಕ್ಕಳು ಅರ್ಧರ್ಧ ಕೇಳಿ ಬೆಳೆಯುತ್ತಾರೆ. ಆದರೂ ನಿಮ್ಮ ಮಾವನವರು ಆ ಕಥೆ ಹೇಳುತ್ತಲೇ ಚಾಚಾ ಅವರ ಹೊಲದ ಪಕ್ಕ ಬದುಕು ಮಾಡಿದರು. ಹೇಗೆ ಮಾಡಿದರು ಅಂತ ನಿಮ್ಮ ಯಜಮಾನರಿಗೆ, ಭಾವನವರಿಗೆ ಏನಾದರೂ ನೆನಪಿದ್ದರೆ ಮಗನಿಗೆ ಅದನ್ನೂ ಹೇಳಲಿ. ಇಂಥ ಕಥೆ ಹೇಳಲು ಊರಲ್ಲಿ ಅಜ್ಜಂದಿರು ಈಗ ಹೆಚ್ಚು ಉಳಿದಿಲ್ಲ.

ಈಗ ಒಂದು ಕಷ್ಟದ ಮಾತು. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ‘ಅವರಿಗಂತ ಇಟ್ಟ ಕಪ್ಪು’ ಅಂತ ಬರೆದಿದ್ದೀರಿ. ಆ ಕಪ್ಪು ಎಲ್ಲಿ ಇರುತ್ತದೆ ಅಕ್ಕ? ಮಿಕ್ಕ ಕಪ್ಪುಗಳ ಜೊತೆ ಸ್ಟ್ಯಾಂಡಿನಲ್ಲಾ, ಹೊರಗಿನ ಮಾಡದಲ್ಲಾ? ಅದನ್ನು ತೊಳೆಯುವವರು ಯಾರು? ನಾನು ಚಿಂಚೋಳಿ ಕಡೆಯವಳು. ನಮ್ಮ ಅಜ್ಜಿ ಮನೆಯ ದನದ ಕೊಟ್ಟಿಗೆ ಗೋಡೆಯ ಮಾಡದಲ್ಲಿ ಹಿಡಿ ಮುರಿದ ಒಂದು ಬಿಳಿ ಕಪ್ಪು ಇರುತ್ತಿತ್ತು. ಮೇಲೆ ಒಂದು ನೀಲಿ ಗೆರೆ. ಕೆಲಸಕ್ಕೆ ಬಂದವರು ಅದನ್ನು ತಾವೇ ತೆಗೆದುಕೊಂಡು, ತಾವೇ ತೊಳೆದು ಹಿಡಿಯುತ್ತಿದ್ದರು. ಅಜ್ಜಿ ಮೇಲಿನಿಂದ ಚಹಾ ಸುರಿಯುತ್ತಿದ್ದಳು. ಅಜ್ಜಿ ಕೆಟ್ಟವಳಲ್ಲ. ಹಸಿದವರನ್ನು ಹಾಗೇ ಕಳಿಸಿದವಳಲ್ಲ. ವಚನಗಳು ಅವಳ ಬಾಯಲ್ಲೇ ಇದ್ದವು, ಅವನ್ನು ನನಗೆ ಕಲಿಸಿದವಳೂ ಅವಳೇ. ಆದರೆ ಆ ಕಪ್ಪಿನಲ್ಲಿ ಕುಡಿಯಬಾರದು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಐದು ವರ್ಷಕ್ಕೆ ನನಗದು ಗೊತ್ತಿತ್ತು.

ಮಕ್ಕಳು ನೀತಿ ಕಲಿಯುವುದು ಹೀಗೆ. ನಾವು ಹೇಳಿದ್ದು ಒಂದು ಕಿವಿಯಲ್ಲಿ ಹೋಗುತ್ತದೆ. ಯಾರನ್ನು ಕಟ್ಟೆ ಮೇಲೆ ಕೂರಿಸಿದೆವು, ಯಾರನ್ನು ಒಳಗೆ ಕರೆದೆವು ಅನ್ನುವುದು ಕಣ್ಣಿನಲ್ಲಿ ಉಳಿಯುತ್ತದೆ. ಅಂಗನವಾಡಿಯಲ್ಲಿ ನೀವೇ ನೋಡಿರುತ್ತೀರಿ. ಊಟಕ್ಕೆ ಕೂರುವಾಗ ಯಾವ ಮಗು ಯಾರ ಪಕ್ಕ ಕೂರಲ್ಲ ಅನ್ನುವುದನ್ನು ಮೂರು ವರ್ಷದ ಕೂಸಿಗೆ ಯಾರು ಪಾಠ ಮಾಡಿದರು? ಹಾಗಂತ ಮಗನ ಮಾತಿಗೆ ನೀವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕಪ್ಪು ಒಂದರಿಂದ ಯಾರೂ ದ್ವೇಷ ಕಲಿಯಲ್ಲ. ಆದರೆ ‘ಅವರು ಬೇರೆ’ ಅನ್ನುವ ಜಾಗ ಅವನ ಮನಸ್ಸಿನಲ್ಲಿ ಮೊದಲೇ ಇತ್ತು. ಕಲಬುರಗಿಯ ಗೆಳೆಯರು ಆ ಜಾಗದಲ್ಲಿ ಸಾಮಾನು ಇಟ್ಟರು. ನಿಮ್ಮಿಂದ ಇವತ್ತೇ ಆಗುವ ಒಂದು ಕೆಲಸ ಅಂದರೆ ಇದು. ಮಗನಿಗೆ ತೋರಿಸಲಿಕ್ಕೆ ಅಂತ ಮಾಡಬೇಡಿ. ಸುಮ್ನೆ ಆ ಕಪ್ಪನ್ನು ಸ್ಟ್ಯಾಂಡಿಗೆ ಸೇರಿಸಿಬಿಡಿ, ಯಾರು ಬಂದರೂ ಕೈಗೆ ಸಿಕ್ಕ ಕಪ್ಪಿನಲ್ಲಿ ಕೊಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಮಾತು ನಿಜವೋ ಕೆಲಸ ನಿಜವೋ?

ಇದಕ್ಕೆ ಬಹಳ ಹಳೆಯ ಒಂದು ಅಧ್ಯಯನ ಇದೆ. ರಿಚರ್ಡ್ ಲಾಪಿಯರ್ ಅಂತ ಅಮೆರಿಕದ ಒಬ್ಬ ಸಮಾಜಶಾಸ್ತ್ರಜ್ಞ. 1930ರ ದಶಕದ ಶುರುವಿನಲ್ಲಿ ಅಲ್ಲಿ ಚೀನೀಯರ ಮೇಲೆ ಬಹಳ ದ್ವೇಷ ಇತ್ತು. ಈತ ಒಬ್ಬ ಚೀನೀ ಹುಡುಗ ಮತ್ತು ಅವನ ಹೆಂಡತಿಯನ್ನು ಕಾರಿನಲ್ಲಿ ಕರೆದುಕೊಂಡು ದೇಶ ಸುತ್ತಿದ. ತಂಗಲು 66 ಕಡೆ, ಊಟಕ್ಕೆ 184 ಕಡೆ ಹೋದರು. ಬಾಗಿಲು ಹಾಕಿದ್ದು ಒಂದೇ ಒಂದು ಕಡೆ. ಆರು ತಿಂಗಳು ಬಿಟ್ಟು ಅದೇ ಜಾಗಗಳಿಗೆ ಪತ್ರ ಬರೆದು ‘ನಿಮ್ಮಲ್ಲಿ ಚೀನೀಯರಿಗೆ ಜಾಗ ಕೊಡುತ್ತೀರಾ?’ ಅಂತ ಕೇಳಿದ. 128 ಕಡೆಯಿಂದ ಉತ್ತರ ಬಂತು. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಉತ್ತರ ‘ಇಲ್ಲ’. ಇದನ್ನು ಅವನು 1934ರಲ್ಲಿ ಪ್ರಕಟಿಸಿದ. ಪತ್ರ ಬರೆದವರೇ ಅವತ್ತು ಊಟ ಬಡಿಸಿದ್ದರು ಅಂತ ಖಾತ್ರಿ ಇಲ್ಲ ಅನ್ನುವ ತಕರಾರು ಈ ಅಧ್ಯಯನದ ಮೇಲೆ ಇದೆ, ಅದು ನ್ಯಾಯವಾದದ್ದೇ. ಆದರೂ ಅದು ತೋರಿಸಿದ ಸಂಗತಿಯನ್ನು ನಾನು ವರ್ಷವರ್ಷವೂ ನೋಡುತ್ತಿದ್ದೇನೆ. ಕಾಗದದ ಮೇಲೆ ಇದ್ದದ್ದು ‘ಚೀನೀಯರು’ ಅನ್ನುವ ಶಬ್ದ. ಬಾಗಿಲ ಮುಂದೆ ನಿಂತದ್ದು ಚೀಲ ಹಿಡಿದು, ದಣಿದು, ನಗುತ್ತಾ ಬಂದ ಇಬ್ಬರು ಮನುಷ್ಯರು.

ನಿಮ್ಮ ಮಗನೂ ಹಾಗೇ. ಊಟದ ತಟ್ಟೆಯ ಮುಂದೆ ಅವನು ಮಾತಾಡುವುದು ಒಂದು ಶಬ್ದದ ಬಗ್ಗೆ. ಬೋರಿನ ಹತ್ತಿರ ಅವನು ನೋಡಿದ್ದು ಚಾಚಾರನ್ನು. ಅವನು ಸುಳ್ಳ ಅಲ್ಲ, ನಾಟಕ ಮಾಡುತ್ತಿಲ್ಲ. ಎರಡೂ ಅವನೇ. ‘ಚಾಚಾ ಹಂಗಲ್ಲ, ಅವರು ಬ್ಯಾರೆ’ ಅಂತ ಅವನೇ ಹೇಳಿರಬಹುದು. ಬಹಳ ಜನ ಹೀಗೆ ಗೊತ್ತಿರುವ ಒಬ್ಬರನ್ನು ಬೇರೆ ಇಟ್ಟು ಮಿಕ್ಕವರ ಬಗ್ಗೆ ತಮ್ಮ ಮಾತನ್ನು ಉಳಿಸಿಕೊಳ್ಳುತ್ತಾರೆ. ಹಾಗಾಗಿ ಚಾಚಾ ಮೇಲಿನ ಪ್ರೀತಿ ತಾನಾಗಿ ಎಲ್ಲರಿಗೂ ಹಬ್ಬುತ್ತದೆ ಅಂತ ನಂಬಿ ಕೂರಬೇಡಿ.

ಹಾಗಾದರೆ ಬಾಯಿ ಮಾತಿಗೆ ಹೆದರಬೇಕಾಗಿಲ್ಲ ಅಂತಲೇ? ಹಾಗೆ ಹೇಳಲಾರೆ. ನಿಮ್ಮ ಜಿಲ್ಲೆಯಲ್ಲೇ ನಾವು ನೋಡಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಮೆಸೇಜು ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದ ಕಾಲ. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅಷ್ಟೇ ಸಾಕಾಯಿತು. ಗುಂಪು ಸೇರಿ ಹೊಡೆಯಿತು, ಒಬ್ಬ ಯುವಕನ ಜೀವ ಹೋಯಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ದೇಶದ ಬೇರೆ ಕಡೆಯೂ ಇಂಥ ಸಾವುಗಳು ಆಗಿದ್ದವು. ಅದೇ ತಿಂಗಳು ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಚಾಟಿಗೆ ಕಳಿಸುವ ಹಾಗೆ ಮಿತಿ ಹಾಕಿತು. ಅವತ್ತು ಅಲ್ಲಿ ಸೇರಿದವರು ಹುಟ್ಟು ಕೊಲೆಗಾರರಲ್ಲ. ಹೊಲ ಮನೆ ಇದ್ದವರು, ಮಕ್ಕಳ ತಂದೆಯರು.

ಬಾಯಲ್ಲಿದ್ದದ್ದು ಕೈಗೆ ಬರುವುದು ಯಾವಾಗ? ಎದುರಿಗೆ ಇರುವವರು ಹೆಸರು ಗೊತ್ತಿಲ್ಲದ ಅಪರಿಚಿತರಾದಾಗ. ಸುತ್ತ ಗುಂಪಿದ್ದಾಗ. ‘ಬ್ಯಾಡ್ರೋ’ ಅನ್ನುವ ಒಂದು ದನಿಯೂ ಇಲ್ಲದಾಗ. ಈ ಕೊನೆಯದಕ್ಕೆ ಬಹಳ ತೂಕವಿದೆ. ಸಾಲೊಮನ್ ಆ್ಯಶ್ ಅನ್ನುವವರು 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗೆರೆಗಳ ಉದ್ದ ಹೇಳುವುದಷ್ಟೇ ಕೆಲಸ. ಕಣ್ಣಿದ್ದವರಿಗೆ ತಪ್ಪಲು ಸಾಧ್ಯವಿಲ್ಲ. ಆದರೆ ಸುತ್ತ ಕೂತವರೆಲ್ಲ ಬೇಕಂತಲೇ ತಪ್ಪು ಉತ್ತರ ಹೇಳಿದಾಗ, ಮೂರರಲ್ಲಿ ಒಂದು ಸಲದಷ್ಟು ಇವನೂ ಅದೇ ತಪ್ಪನ್ನು ಹೇಳಿದ. ಆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಇವನಿಗೆ ಧೈರ್ಯ ಬರುತ್ತಿತ್ತು, ತಪ್ಪುಗಳು ತೀರಾ ಕಡಿಮೆಯಾಗುತ್ತಿದ್ದವು. ನಿಮ್ಮ ಮನೆಯ ಊಟದ ಹೊತ್ತಿನಲ್ಲಿ ಆ ಒಬ್ಬರು ನೀವು. ನಿಮ್ಮ ಮಾತಿನಿಂದ ಮಗ ಬದಲಾದ ಅಂತ ಅವತ್ತೇ ಕಾಣಲ್ಲ. ಆದರೆ ಎಲ್ಲರೂ ಹೀಗೇ ಯೋಚಿಸುತ್ತಾರೆ ಅನ್ನುವ ಭ್ರಮೆ ಒಡೆದಿರುತ್ತದೆ.

ಇನ್ನೊಂದು ದಾರಿಯೂ ಇದೆ, ಅದು ಸದ್ದಿಲ್ಲದ್ದು. ಸಣ್ಣ ಸಣ್ಣ ಕೆಲಸ. ಮೊದಲು ಒಂದು ಫಾರ್ವರ್ಡ್. ಆಮೇಲೆ ತನ್ನ ಹೆಸರಲ್ಲಿ ಒಂದು ಪೋಸ್ಟ್. ಆಮೇಲೆ ಅದನ್ನು ಯಾರೋ ಪ್ರಶ್ನಿಸಿದಾಗ ಜಗಳ. ಒಂದು ಸಲ ನಾಲ್ಕು ಜನರ ಮುಂದೆ ಮಾಡಿದ ಮೇಲೆ, ಮಾಡಿದ್ದು ಸರಿ ಅಂತ ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತದೆ. ಹಾಗೆ ಹೇಳಿಕೊಳ್ಳುತ್ತಾ ಅಭಿಪ್ರಾಯ ಇನ್ನೂ ಗಟ್ಟಿಯಾಗುತ್ತದೆ. ಅಭಿಪ್ರಾಯದಿಂದ ಕೆಲಸ ಹುಟ್ಟುವಷ್ಟೇ, ಕೆಲಸದಿಂದ ಅಭಿಪ್ರಾಯವೂ ಹುಟ್ಟುತ್ತದೆ. ಇದು ಒಳ್ಳೆಯದಕ್ಕೂ ನಿಜ. ಅದಕ್ಕೇ ಆ ಬೋರಿನ ಪೈಪು ನನಗೆ ಅಷ್ಟು ದೊಡ್ಡದಾಗಿ ಕಾಣುತ್ತಿದೆ.

ಏನು ಮಾಡಬಹುದು ಅನ್ನುವುದಕ್ಕೆ ಬರೋಣ. ಫೋನ್ ಕಿತ್ತುಕೊಳ್ಳಬೇಡಿ. ಇಪ್ಪತ್ತರ ಹುಡುಗನ ಫೋನ್ ಕಿತ್ತುಕೊಂಡರೆ ಇನ್ನೊಂದು ಬರುತ್ತದೆ, ನಿಮ್ಮ ಮೇಲಿನ ನಂಬಿಕೆ ಬರಲ್ಲ. ಓದು ಬಿಡಿಸುವುದಂತೂ ಬೇಡ. ಡಿಗ್ರಿ ಇಲ್ಲದೆ, ಕೆಲಸವಿಲ್ಲದೆ, ಸಿಟ್ಟು ಹೊತ್ತು ಊರಿನ ಕಟ್ಟೆ ಮೇಲೆ ಕೂರುವ ಹುಡುಗ ಈಗಿನದಕ್ಕಿಂತ ದೊಡ್ಡ ಚಿಂತೆ. ಎದುರೆದುರು ವಾದವೂ ಹೆಚ್ಚಿಗೆ ಫಲ ಕೊಡಲ್ಲ. ನೀವು ಒಂದು ಅಂಕಿ ಹೇಳಿದರೆ ಅವನು ಹತ್ತು ವಿಡಿಯೊ ತೋರಿಸುತ್ತಾನೆ, ಅಲ್ವಾ? ಭಾವನವರು ಎದುರಿಗಿದ್ದರಂತೂ ಅವನು ಸೋಲಲು ಒಪ್ಪುವುದೇ ಇಲ್ಲ. ಒಂದು ನಿರ್ದಿಷ್ಟ ಸುಳ್ಳು ಮೆಸೇಜು ಬಂದಾಗ ‘ಇದು ಯಾವ ಊರಿನದು, ಯಾವ ವರ್ಷದ್ದು ನೋಡೋಣ ಬಾ’ ಅಂತ ಜೊತೆಗೆ ಕೂತು ಹುಡುಕುವುದು ಬೇರೆ. ಅದು ಕೆಲಸ ಮಾಡುತ್ತದೆ. ತೀರಾ ಸುಮ್ಮನಿರುವುದೂ ಅಪಾಯವೇ. ನಿಮ್ಮ ಮೌನವನ್ನು ಅವನು ಒಪ್ಪಿಗೆ ಅಂದುಕೊಳ್ಳಬಹುದು.

ನಾನು ಹೇಳುವುದು ಕೇಳುವ ದಾರಿ. ಹೊಲದಲ್ಲಿ ತೊಗರಿ ಕೊಯ್ಯುವಾಗಲೋ ಬೀದರಿಗೆ ಗಾಡಿಯಲ್ಲಿ ಹೋಗುವಾಗಲೋ, ಇಬ್ಬರೇ ಇದ್ದಾಗ ಕೇಳಿ. ‘ನಿನಗ ಯಾವಾಗಿಂದ ಹಿಂಗ ಅನ್ನಸ್ಲಿಕ್ಕತ್ತು?’ ಅಂತ. ಮಧ್ಯೆ ಬಾಯಿ ಹಾಕಬೇಡಿ. ಆಮೇಲೆ ಇನ್ನೊಂದು: ‘ಕಲಬುರಗಿಯೊಳಗ ನಿನ್ನ ಊರು, ನಿನ್ನ ಮಾತು ನೋಡಿ ಯಾರರೆ ನಿನ್ನ ಕೀಳಾಗಿ ಕಂಡಾರೇನಪ?’ ಈ ಪ್ರಶ್ನೆಗೆ ಹೆಚ್ಚಿನ ಹುಡುಗರ ಗಂಟಲು ಕಟ್ಟುತ್ತದೆ. ಅಮೆರಿಕದ ಮಯಾಮಿಯಲ್ಲಿ ಸ್ವಯಂಸೇವಕರು ಮನೆ ಬಾಗಿಲಿಗೆ ಹೋಗಿ, ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಹೀಗೇ ಮಾತಾಡಿಸಿದರು. ಉಪದೇಶ ಇಲ್ಲ. ನಿಮ್ಮನ್ನು ಯಾರಾದರೂ ಬೇರೆಯಾಗಿ ಕಂಡದ್ದಿದೆಯಾ ಅಂತ ಕೇಳಿ, ಹತ್ತು ನಿಮಿಷದಷ್ಟು ಕಿವಿಗೊಟ್ಟರು. ಮೂರು ತಿಂಗಳಾದ ಮೇಲೂ ಅವರ ತಿರಸ್ಕಾರ ಕಡಿಮೆಯೇ ಇತ್ತು. 2016ರಲ್ಲಿ ಪ್ರಕಟವಾದ ಸಂಶೋಧನೆ ಇದು. ನನ್ನ ಅನುಭವದಲ್ಲಿ ಮನೆಯೊಳಗೆ ಇದಕ್ಕೆ ಇನ್ನೂ ಜಾಸ್ತಿ ಸಮಯ ಹಿಡಿಯುತ್ತದೆ. ಅವನು ನಿಮಗೆ ತಡೆಯಲಾಗದ ಮಾತು ಆಡಬಹುದು. ಕೇಳುವ ನಾಟಕ ಮಾಡಿ ಕೊನೆಗೆ ಬುದ್ಧಿ ಹೇಳಲು ಹೊರಟರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಅಷ್ಟು ತಾಳ್ಮೆ ಇದ್ದರೆ ಮಾತ್ರ ಈ ದಾರಿ.

ಜೊತೆಗೆ ಮನೆಯಲ್ಲಿ ಒಂದು ಕಟ್ಟುಪಾಡು ಇಡಿ. ‘ಈ ಮನೆಯೊಳಗ ಯಾರ ಮ್ಯಾಲರೆ ಸಿಟ್ಟಿದ್ರ ಅವರ ಹೆಸರು ಹಿಡದು ಮಾತಾಡು. ಆ ಜನ, ಈ ಜನ ಅನಬ್ಯಾಡ’ ಅಂತ. ಇದನ್ನು ನಿಮ್ಮ ಭಾವನವರಿಗೂ ಹೇಳಬೇಕಾಗುತ್ತದೆ, ಆ ಕೆಲಸ ಯಜಮಾನರದು. ಒಂದೆರಡು ರಜೆಗೆ ಮಗ ಮುನಿಸಿಕೊಂಡು ಬರದೇ ಇರಬಹುದು. ಫೋನ್ ಮಾಡುವುದು ಬಿಡಬೇಡಿ, ರೊಟ್ಟಿ ಶೇಂಗಾ ಹಿಂಡಿ ಕಳಿಸುವುದೂ ಬಿಡಬೇಡಿ.

ಎಲ್ಲಕ್ಕಿಂತ ನನಗೆ ಭರವಸೆ ಇರುವುದು ಕೆಲಸದ ಮೇಲೆ. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿ ಬಹಮನಿಯ ಉರುಸಿಗೆ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ನಾನೂ ಹೋಗಿ ನೋಡಿ ಕಣ್ಣು ತುಂಬಿಕೊಂಡಿದ್ದೇನೆ. ಆದರೆ ವರ್ಷಕ್ಕೊಮ್ಮೆ ಜಾತ್ರೆಗೆ ಹೋಗಿ ಬರುವುದಕ್ಕೂ ಒಂದೇ ಹಗ್ಗ ಹಿಡಿದು ಎಳೆಯುವುದಕ್ಕೂ ವ್ಯತ್ಯಾಸ ಇದೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋ ಅನ್ನುವ ಅರ್ಥಶಾಸ್ತ್ರಜ್ಞ ಬೇರೆ ಬೇರೆ ಜಾತಿಯ ಯುವಕರನ್ನು ಸೇರಿಸಿ ಕ್ರಿಕೆಟ್ ಟೂರ್ನಿ ಮಾಡಿಸಿದ. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಾಯಿತು. ಎದುರಾಳಿಗಳಾಗಿ ಆಡಿದವರಲ್ಲಿ ಹಾಗಾಗಲಿಲ್ಲ, ದೂರ ಇನ್ನೂ ಹೆಚ್ಚಾಯಿತು. ಸುಮ್ನೆ ಹತ್ತಿರ ತಂದು ಬಿಟ್ಟರೆ ಸಾಲದು, ಗೆಲುವು ಸೋಲು ಇಬ್ಬರಿಗೂ ಒಂದೇ ಆಗಿರಬೇಕು. ಬೋರಿನಿಂದ ಮೋಟರ್ ಎತ್ತುವಾಗ ಒಬ್ಬ ಕೈ ಬಿಟ್ಟರೆ ಇಬ್ಬರ ಕಷ್ಟವೂ ನೀರಿಗೆ. ಅವತ್ತು ಅವನು ಯಾರೂ ಹೇಳದೆ ಅಲ್ಲಿಗೆ ಓಡಿದ. ಇಂಥವು ಇನ್ನೂ ಸಿಗಲಿ. ಎರಡೂ ಹೊಲಕ್ಕೆ ಸೇರಿಸಿ ರಾಶಿ ಮಷಿನ್ ತರಿಸುವುದಿದ್ದರೆ ಮಗನಿಗೇ ವಹಿಸಿ. ಚಾಚಾ ಮನೆಯಲ್ಲಿ ಅವನ ವಯಸ್ಸಿನ ಹುಡುಗರಿದ್ದರೆ ಅವರೂ ಜೊತೆಗಿರಲಿ. ‘ನೋಡಿದಿಯಾ, ಎಷ್ಟು ಒಳ್ಳೆಯವರು’ ಅಂತ ಆಮೇಲೆ ಹೇಳಬೇಡಿ. ಹೇಳಿದರೆ ಮಾಡಿದ್ದೆಲ್ಲ ಕೆಟ್ಟಿತು.

ಕಾನೂನಿನ ಮಾತನ್ನೂ ಒಮ್ಮೆ ಹೇಳಿಸಿ. ಸಮುದಾಯಗಳ ನಡುವೆ ದ್ವೇಷ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಡಿ ಅಪರಾಧ. ಮೂರು ವರ್ಷದ ತನಕ ಜೈಲು ಆಗಬಹುದು. ಅವನ ಹೆಸರಲ್ಲಿ ಹೋದ ಪೋಸ್ಟಿಗೆ ಅವನೇ ಹೊಣೆ. ಕೇಸು ಬಿದ್ದರೆ ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ಅದು ಎದ್ದು ಬರುತ್ತದೆ. ನೀವು ಹೇಳಿದರೆ ಹೆದರಿಸಿದ ಹಾಗಾಗುತ್ತದೆ, ಅವನಿಗೆ ಗೌರವ ಇರುವ ಸೋದರಮಾವನೋ ಮೇಷ್ಟ್ರೋ ಹೇಳಲಿ.

ಚಾಚಾ ಮನೆಗೆ ಹೋಗುವುದನ್ನೇ ಅವನು ಬಿಟ್ಟರೆ, ರಾತ್ರಿ ಎಲ್ಲಿಗೆ ಹೋಗುತ್ತೇನೆ ಅಂತ ಮುಚ್ಚಿಟ್ಟರೆ, ಯಾರನ್ನೋ ಹೊಡೆದ ವಿಡಿಯೊ ನೋಡಿ ನಗುತ್ತಿದ್ದರೆ, ‘ಪಾ‍ಠ ಕಲಿಸಬೇಕು’ ಅನ್ನುವ ಮಾತಿಗೆ ಒಬ್ಬ ಮನುಷ್ಯನ ಹೆಸರೋ ಒಂದು ದಿನವೋ ಸೇರಿಕೊಂಡರೆ ಆಗ ಕಾಯಬೇಡಿ. ಯಜಮಾನರು, ಸೋದರಮಾವ ಇಬ್ಬರೂ ಅವತ್ತೇ ಕಲಬುರಗಿಗೆ ಹೊರಡಲಿ. ಯಾರಿಗಾದರೂ ಪೆಟ್ಟಾಗುವ ಸೂಚನೆ ಇದ್ದರೆ ಪೊಲೀಸರಿಗೆ ಹೇಳಲು ಹಿಂಜರಿಯಬೇಡಿ. ಮಗನನ್ನು ಉಳಿಸುವ ದಾರಿಯೂ ಅದೇ. ನಿದ್ದೆ ಇಲ್ಲ, ಊಟ ಸೇರಲ್ಲ, ಸಣ್ಣದಕ್ಕೂ ಕೂಗಾಡುತ್ತಾನೆ ಅಂದರೆ ಅದು ರಾಜಕೀಯ ಅಲ್ಲದೆ ಬೇರೆ ಸಂಕಟ ಇರಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳಲ್ಲ.

ಚಾಚಾ ಅವರಿಗೆ ಇದನ್ನೆಲ್ಲ ಹೇಳಬೇಕಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಈಗ ನೀವಾಗಿ ಹೇಳಬೇಡಿ. ಹಳ್ಳಿಯಲ್ಲಿ ಗೋಡೆಗೂ ಕಿವಿ. ಎಳ್ಳ ಅಮಾವಾಸ್ಯೆಯ ಜಗಳ ಅವರ ಕಿವಿಗೆ ಬಿದ್ದೇ ಇರುತ್ತದೆ. ಬಿದ್ದಿದ್ದರೂ ಮರುದಿನ ಅವನಿಗೆ ರೊಟ್ಟಿ ಹಾಕಿ ಕಳಿಸಿದ್ದಾರೆ. ಅವರಾಗಿ ಕೇಳಿದರೆ ಮುಚ್ಚಿಡಬೇಡಿ. ‘ಹೌದು ಚಾಚಾ, ಹುಡುಗ ಹಿಂಗ ಮಾತಾಡ್ಲಿಕ್ಕತ್ಯಾನ, ನಮಗ ಬ್ಯಾಸರ ಆಗ್ಯದ’ ಅಂತ ಹೇಳಿ. ಒಳಗೆ ಕರೆದು, ಕೂರಿಸಿ ಹೇಳಿ.